ಮೊಲಗಳ ಕಂಬ

ಬತ್ತುತ್ತಿದ್ದ ಕೆರೆಗೆ ಆನೆಯೇ ಒಡೆಯ, ನೀರಿನ ಲೆಕ್ಕ ಹೇಳುವ ಕೆಲಸ ನರಿಯದು. "ತಲೆಗೆ ಸರಾಸರಿ ಹತ್ತಕ್ಕೂ ಹೆಚ್ಚು ಗುಟುಕು ಸಿಗುತ್ತಿದೆ, ಇನ್ನೇನು ಬೇಕು ನಿಮಗೆ?" ಎಂದು ನರಿ ಗದರಿದಾಗ, ಮೊಲಗಳು ಗೆದ್ದಲಿನ ಬಳಿ ಹೋಗಿ ಅತ್ತವು.

"ಅಳಬೇಡಿ, ಕಣ್ಣಿಗೆ ಕಾಣುವ ಹಾಗೆ ತೋರಿಸಿಬಿಡೋಣ," ಎಂದಿತು ಗೆದ್ದಲು. ದಡದುದ್ದಕ್ಕೂ ಗೆರೆ ಎಳೆದು, ಈ ತುದಿಗೆ ಒಂದು ಗುಟುಕು, ಆ ತುದಿಗೆ ಸಾವಿರ ಗುಟುಕು ಎಂದು ಗುರುತು ಮಾಡಿತು. ಯಾರು ಎಷ್ಟು ಕುಡಿದರೋ ಆ ಗುರುತಿನ ಮೇಲೆ ತಲೆಗೊಂದರಂತೆ ಹಸಿ ಮಣ್ಣಿನ ಉಂಡೆ ಇಡುತ್ತಾ ಹೋಯಿತು. ಸಂಜೆಯ ಹೊತ್ತಿಗೆ ಒಂದು ಗುಟುಕಿನ ಗುರುತಿನ ಮೇಲೆ ಮೊಲಗಳ ನೂರು ಉಂಡೆಗಳ ಕಂಬ ಎದ್ದಿತ್ತು. ನಡುವೆ ಎಲ್ಲೋ ನರಿಯದೊಂದು ಉಂಡೆ. ಸಾವಿರದ ಮೇಲೆ ಆನೆಯದೊಂದು.

ಆನೆ ತುಳಿಯಲು ಕಾಲೆತ್ತಿತು. ನರಿ ಅದನ್ನು ತಡೆದು ಮೊಲಗಳತ್ತ ತಿರುಗಿತು. "ನೋಡಿ, ನಮ್ಮ ಒಡೆಯರದು ಒಂದೇ ಉಂಡೆ. ನಿಮ್ಮ ಕಂಬ ಎಷ್ಟೆತ್ತರ! ಈ ಕಾಡಿನಲ್ಲಿ ದೊಡ್ಡವರು ಯಾರು, ನೀವೇ ಹೇಳಿ."

ಮೊಲಗಳು ಕುಣಿದಾಡಿದವು.

"ಅಯ್ಯೋ, ಅದು ನೀರಿನ ಎತ್ತರವಲ್ಲ, ಬಾಯಾರಿದ ನಿಮ್ಮ ತಲೆಗಳ ಎಣಿಕೆ!" ಎಂದು ಗೆದ್ದಲು ಕೂಗಿಕೊಂಡಿತು.

"ನಮ್ಮ ಏಳಿಗೆ ಕಂಡು ಇದಕ್ಕೆ ಹೊಟ್ಟೆಕಿಚ್ಚು," ಎಂದು ಮೊಲಗಳು ಅದನ್ನು ಅಲ್ಲಿಂದ ಓಡಿಸಿದವು.

ಬಿಸಿಲಿಗೆ ಕಂಬ ಬಿರುಕು ಬಿಡಬಾರದಲ್ಲ? ಈಗ ಪ್ರತಿ ಮೊಲವೂ ತನ್ನ ಪಾಲಿನ ಗುಟುಕನ್ನು ಬಾಯಲ್ಲಿ ತುಂಬಿಕೊಂಡು ಬಂದು, ಅರ್ಧ ನುಂಗಿ, ಉಳಿದರ್ಧವನ್ನು ಕಂಬಕ್ಕೆ ಎರೆಯುತ್ತದೆ.