ಬೈಗುಳ ತಿಂದ ಬ್ಯಾಟರಿ

ಮದುವೆ ಫೋಟೋ ತೆಗೆಯುವ ದಾನಪ್ಪನ ಕ್ಯಾಮೆರಾಕ್ಕೆ ಬೇರೆ ಕಂಪನಿಯ ದೊಡ್ಡ ಲೆನ್ಸೊಂದು ಬಂದಮೇಲೆ ಹಳೇ ಬ್ಯಾಟರಿಗೆ ಕೆಟ್ಟ ಹೆಸರು ಬಂತು. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದರೂ ಊಟದ ಹೊತ್ತಿಗೆ ಖಾಲಿ. "ಇದಕ್ಕೆ ಮುಪ್ಪು ಬಂತು," ಎಂದು ದಾನಪ್ಪ ಅದನ್ನು ಚಾರ್ಜ್ ಮಾಡಿ ಜೇಬಿಗೆ ಹಾಕಿಕೊಂಡ. ಅಂದಿನ ಮದುವೆಗೆಂದು ಕ್ಯಾಮೆರಾಕ್ಕೆ ಹೊಸ ಬ್ಯಾಟರಿ ಹಾಕಿದ.

ಕ್ಯಾಮೆರಾ ಆಫ್ ಮಾಡಿ ಮೊದಲ ಪಂಕ್ತಿಯಲ್ಲಿ ಉಂಡು ಬರುವಷ್ಟರಲ್ಲಿ ಹೊಸದೂ ಖಾಲಿಯಾಗಿತ್ತು. ಅತ್ತ ಹೆಣ್ಣು ಒಪ್ಪಿಸುವ ಶಾಸ್ತ್ರ ಶುರುವಾಗಿತ್ತು. ದಾನಪ್ಪ ಗಾಬರಿಯಲ್ಲಿ ಹಳೆಯದನ್ನೇ ಒಳಗೆ ತಳ್ಳಿದ.

"ಬಾ ಮುದುಕ, ಹಸಿವಾಗಿದೆ," ಎಂದಿತು ಲೆನ್ಸು.

"ಸ್ವಿಚ್ ಆರಿಸಿದ ಮೇಲೂ ನೀನೇಕೆ ಕುಡಿಯುತ್ತೀ?" ಎಂದು ಕೇಳಿತು ಬ್ಯಾಟರಿ.

"ಆ ಸ್ವಿಚ್ಚು ನಿಮ್ಮ ಮನೆಯದು. ನಾನು ಬೇರೆ ಮನೆಯವನು. ಅದರ ಮಾತು ನನಗೆ ತಿಳಿಯದು."

ಬ್ಯಾಟರಿ ಕ್ಯಾಮೆರಾದತ್ತ ತಿರುಗಿತು. "ಇವನು ಕುಡಿಯುವುದನ್ನು ನೀವು ದಿನಾ ಕಂಡಿರಿ. ದೊಡ್ಡ ಗಾಜಿನ ಸೊಗಸಿಗೆ ಮರುಳಾಗಿ ಬಾಯಿ ಮುಚ್ಚಿಕೊಂಡೇ ಇದ್ದಿರಿ. ಬೈಗುಳ ತಿಂದವನು ನಾನು. ಈಗಲೇ ಯಜಮಾನರಿಗೆ ನಿಜ ಹೇಳಿ. ಇಲ್ಲದಿದ್ದರೆ ತುಂಬಿದ ಹೊಟ್ಟೆಯಲ್ಲೇ ಕಸದ ಬುಟ್ಟಿಗೆ ಹೋಗುತ್ತೇನೆ, ಒಂದು ಹನಿಯನ್ನೂ ಕೊಡುವುದಿಲ್ಲ!"

ಕ್ಯಾಮೆರಾ ನಾಚಿತು. 'ಈ ಲೆನ್ಸ್ ಹೊಂದುವುದಿಲ್ಲ' ಎಂದು ಅದರ ಪರದೆಯ ಮೇಲೆ ಅಕ್ಷರ ಮೂಡಿತು. ದಾನಪ್ಪ ದೊಡ್ಡ ಲೆನ್ಸನ್ನು ಕಳಚಿ, ಚೀಲದಲ್ಲಿದ್ದ ಹಳೇ ಪುಟ್ಟ ಲೆನ್ಸನ್ನು ಹಾಕಿದ. ತಾಯಿ ಮಗಳನ್ನು ತಬ್ಬಿಕೊಂಡಲ್ಲಿಂದ ಹಿಡಿದು ದಿಬ್ಬಣದ ಬಸ್ಸು ಹೊರಡುವ ತನಕ ಒಂದು ಚಿತ್ರವೂ ತಪ್ಪಲಿಲ್ಲ.

"ಪರವಾಗಿಲ್ಲ, ಬ್ಯಾಟರಿಗೆ ಮತ್ತೆ ಜೀವ ಬಂತು," ಎಂದ ದಾನಪ್ಪ.

"ಹೋಗಿದ್ದು ಯಾವಾಗ?" ಎಂದಿತು ಬ್ಯಾಟರಿ.