ಉಪ್ಪು ಮಾರುವವಳ ಬುಧವಾರ

"ಸರ್, ಹಿಂದುಳಿದ ತಾಲ್ಲೂಕಿಗೆ ಮೊದಲು ಏನು ಕೊಡಬೇಕ್ರಿ?"

ಕೇಳಿದವನು ನಾನೇ. ನಮ್ಮ ಅರ್ಥಶಾಸ್ತ್ರ ವಿಭಾಗದಲ್ಲಿ ಇಂಥ ಪ್ರಶ್ನೆಯನ್ನು ಎದೆ ಸೆಟೆಸಿ ಕೇಳುವವನು ನನ್ನ ಬಿಟ್ಟು ಇನ್ನೊಬ್ಬನಿರಲಿಲ್ಲ. ಎಂ.ಎ. ಎರಡನೆಯ ವರ್ಷ. ಪ್ರಾದೇಶಿಕ ಅಭಿವೃದ್ಧಿ ನನ್ನ ವಿಷಯ. ನನ್ನದೇ ತಾಲ್ಲೂಕಿನ ಹನ್ನೆರಡು ಹಳ್ಳಿಗಳಲ್ಲಿ ಮನೆಮನೆ ತಿರುಗಿ, ಜನರನ್ನು ಕೇಳಿ, ಪ್ರಬಂಧ ಬರೆಯಬೇಕಿತ್ತು. ಉಳಿದವರು ತಿಂಗಳಾದರೂ ಪ್ರಶ್ನಾವಳಿಯ ಮೊದಲ ಪುಟದಲ್ಲೇ ಒದ್ದಾಡುತ್ತಿದ್ದರು. ನಾನು ಮೂರೇ ದಿನದಲ್ಲಿ ಅರವತ್ತನಾಲ್ಕು ಪ್ರಶ್ನೆ ಬರೆದು ಮುಗಿಸಿದ್ದೆ. ಅದರ ಮೇಲೆ ನನ್ನ ಮಾರ್ಗದರ್ಶಕರಾದ ಹೂಗಾರ ಸರ್ ಅವರ ಸಹಿ ಬೀಳಬೇಕು. ಬಿದ್ದರೆ ನಾಳೆಯೇ ಹಳ್ಳಿಗೆ ಹೊರಡಬಹುದು. ಸಹಿಗೆ ಇಂದೇ ಕೊನೆಯ ದಿನ. ಬೀಳದಿದ್ದರೆ ನನ್ನದೊಂದು ವರ್ಷ ಹೋದಂತೆ.

ಸರ್ ಹಾಳೆ ತಿರುವಿದರು. "ಗೋದಾಮು ಇಲ್ಲವೇ? ಬ್ಯಾಂಕು ಇಲ್ಲವೇ? ಡಾಂಬರು ರಸ್ತೆ ಇಲ್ಲವೇ?" ಎಂದು ಓದಿದರು. ಮತ್ತೆ ತಿರುವಿದರು. "ದೇವೀಂದ್ರ, ಅರವತ್ತನಾಲ್ಕೂ 'ಇಲ್ಲವೇ' ಅಂತ ಮುಗೀತಾವಲ್ಲೋ."

"ಇಲ್ಲದ್ದನ್ನ ಕೇಳಬೇಕಲ್ರಿ ಸರ್. ಇದ್ದದ್ದು ನನಗ ಗೊತ್ತದ. ನಾ ಪಟ್ಟಣದ ಹುಡುಗ ಅಲ್ರಿ. ನಮ್ಮವ್ವ ಸಂತಿಯೊಳಗ ಒಣ ಮೆಣಸಿನಕಾಯಿ ಮಾರಿ ನನ್ನ ಓದಿಸ್ಯಾಳ. ನಮ್ಮ ಭಾಗದ ಹಳ್ಳಿ ನನಗ ಅಂಗೈಯಾಗಿನ ಗೆರಿ ಇದ್ದಂಗ. ನೀವು ಸಹಿ ಒಂದು ಹಾಕ್ರಿ. ಉಳಿದದ್ದು ನಾ ನೋಡ್ಕೋತೀನಿ."

ಸರ್ ಪೆನ್ನಿನ ಮುಚ್ಚಳ ಹಾಕಿದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೌಡನಿದ್ದ. ಆ ಊರಿಗೆ ಸಂತೆ ಇರಲಿಲ್ಲ. ಒಂದು ಹಿಡಿ ಉಪ್ಪು ಬೇಕೆಂದರೂ ಜನ ಶನಿವಾರದ ತನಕ ಕಾದು, ಎರಡು ಹರದಾರಿ ನಡೆದು, ಬೇರೆ ಊರಿನ ಸಂತೆಗೆ ಹೋಗಬೇಕಿತ್ತು. ತಲೆಯ ಮೇಲಿನ ಬದನೆಕಾಯಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಾಡುತ್ತಿತ್ತು. ಬೇಸತ್ತು ಮೂರು ಮನೆಯವರು ಸಂತೆಯಿದ್ದ ಊರಿಗೇ ಹೋಗಿ ನೆಲೆಸಿದರು. ನಾಲ್ಕನೆಯ ಮನೆಯವರೂ ಗಂಟು ಕಟ್ಟಿದರು. ಗೌಡ ಅವರ ಬಾಗಿಲಿಗೆ ಹೋಗಿ ನಿಂತ. ಒಂದು ವರ್ಷ ತಾಳಿರಿ, ಸಂತೆಯನ್ನು ಇಲ್ಲಿಗೇ ತರುತ್ತೇನೆ, ಎಂದ. ಆ ಮನೆಯವರು ಗಂಟು ಬಿಚ್ಚಲಿಲ್ಲ. ಆದರೆ ಕೆಳಗಿಟ್ಟರು.

ಗೌಡ ಎಂದೂ ಸಂತೆಗೆ ಹೋದವನಲ್ಲ. ಸಂತೆಯ ಸಾಮಾನು ಅವನ ಮನೆಗೆ ಬರುತ್ತಿತ್ತು. ಊರ ಮುಂದಿನ ಬಯಲನ್ನು ಸಮ ಮಾಡಿಸಿದ. ಅವನ ಮನೆದೇವರ ವಾರ ಸೋಮವಾರ. ಆ ದಿನವನ್ನೇ ಸಂತೆಗೆ ಗೊತ್ತು ಮಾಡಿ ಸುತ್ತಲಿನ ಹಳ್ಳಿಗಳಲ್ಲಿ ಡಂಗುರ ಹೊಡೆಸಿದ. ಸೋಮವಾರ ಬಂತು. ಕೊಳ್ಳಲು ಊರಿನವರೆಲ್ಲ ಬಂದು ನಿಂತರು. ಮಾರಲು ಒಬ್ಬರೂ ಬರಲಿಲ್ಲ.

ಇಲ್ಲಿ ಏನು ಇಲ್ಲ, ಎಂದು ಗೌಡ ಊರಿನವರನ್ನು ಕೇಳಿದ. ನೆರಳಿಲ್ಲ ಎಂದರು. ಚಪ್ಪರ ಹಾಕಿಸಿದ. ಯಾರೂ ಬರಲಿಲ್ಲ. ಮತ್ತೆ ಕೇಳಿದ. ದನಕ್ಕೆ ಕುಡಿಯಲು ನೀರಿಲ್ಲ ಎಂದರು. ಬಾವಿ ತೋಡಿಸಿ ಕಲ್ಲಿನ ದೋಣಿ ಇಡಿಸಿದ. ಯಾರೂ ಬರಲಿಲ್ಲ. ಕೂರಲು ಕಟ್ಟೆ ಇಲ್ಲ ಎಂದರು. ಸಾಲಾಗಿ ಇಪ್ಪತ್ತು ಕಟ್ಟೆ ಕಟ್ಟಿಸಿದ. ಆಡುಗಳು ಬಂದು ಅವುಗಳ ಮೇಲೆ ಮಲಗಿದವು. ಕೇಳಿದಷ್ಟು ಸಲವೂ ಊರಿನವರು ಒಂದು ಕೊರತೆ ಹೇಳಿದರು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವರು ಕಂಡದ್ದು ಒಂದೇ ಸಂತೆ, ಶನಿವಾರದ್ದು. ಅಲ್ಲಿ ಇದ್ದದ್ದು ಇಲ್ಲಿ ಇಲ್ಲವೆಂದು ಹೇಳಿದರು, ಅಷ್ಟೇ.

ವರ್ಷ ಮುಗಿಯಲು ಒಂದು ವಾರ ಉಳಿಯಿತು. ಬುಧವಾರ ನಡುಮಧ್ಯಾಹ್ನ, ಊರಿನವರೆಲ್ಲ ಹೊಲದಲ್ಲಿರುವ ಹೊತ್ತಿಗೆ, ಗೌಡ ಬಯಲಿಗೆ ಬಂದ. ಒಂದು ಕಟ್ಟೆಯ ಮೇಲೆ ಆಡಿನ ಬದಲು ಒಬ್ಬ ಹೆಂಗಸು ಮಲಗಿದ್ದಳು. ಅವಳ ಕತ್ತೆ ಉಪ್ಪಿನ ಚೀಲ ಹೊತ್ತುಕೊಂಡೇ ದೋಣಿಯ ನೀರು ಕುಡಿಯುತ್ತಿತ್ತು. ಗೌಡನಿಗೆ ಸಿಟ್ಟು ಬಂತು.

"ಏನವ್ವಾ, ಮಲಗಲಿಕ್ಕ ನನ್ನ ಕಟ್ಟಿ ಬೇಕು, ಮಾರಲಿಕ್ಕ ಬ್ಯಾಡೇನು? ಇಲ್ಲಿ ಏನು ಕಡಿಮಿ ಬಿದ್ದದ, ನೀನರೆ ಹೇಳು."

ಉಪ್ಪು ಮಾರುವವಳು ಎದ್ದು ಕುಳಿತಳು. "ಏನೂ ಕಡಿಮಿ ಇಲ್ಲೋ ಯಪ್ಪಾ. ಇಂಥ ತಣ್ಣನ ಕಟ್ಟಿ ಏಳೂರಾಗ ಹುಡುಕಿದ್ರೂ ಸಿಗಂಗಿಲ್ಲ."

"ಮತ್ತ ಸೋಮವಾರ ಯಾಕ ಬರಂಗಿಲ್ಲ?"

"ಸೋಮವಾರ ನಾ ಹೊಳಿ ದಂಡಿ ಊರಾಗ ಇರ್ತೀನಿ. ಮಂಗಳವಾರ ಗುಡ್ಡದ ಊರು. ಗುರುವಾರ ಕೋಟೆ ಊರು. ನಾ ಒಬ್ಬಾಕಿ ಅಲ್ಲ. ಗಡಿಗಿಯವ, ಬಳಿಯವ, ಕಂಬಳಿಯವ, ಎಲ್ಲಾರದೂ ಅದೇ ದಾರಿ. ನಡುವಿನ ಬುಧವಾರ ನಮಗ ಎಲ್ಲೂ ಸಂತಿ ಇಲ್ಲ. ನಿಮ್ಮೂರು ದಾರಿ ಮ್ಯಾಲೆ ಬೀಳ್ತದ. ಅಗೋ ಆ ಬೇವಿನ ಗಿಡದ ಬುಡಕ ನೋಡು, ಎಲ್ಲಾರೂ ಮಲಗ್ಯಾರ. ವರ್ಷ ಆಯ್ತು, ವಾರಕ್ಕೊಮ್ಮಿ ನಿಮ್ಮೂರಿಗೆ ಬಂದು ನಿದ್ದಿ ಮಾಡ್ಲಿಕತ್ತೀವಿ."

ಗೌಡ ಬೇವಿನ ಮರದ ಕಡೆ ನೋಡಿದ. ಒಂಬತ್ತು ಮಂದಿ, ತಲೆಯ ಕೆಳಗೆ ತಮ್ಮ ತಮ್ಮ ಮೂಟೆ ಇಟ್ಟುಕೊಂಡು ಮಲಗಿದ್ದರು.

"ಇಷ್ಟು ದಿವಸ ಯಾಕ ಹೇಳಲಿಲ್ಲ?"

"ನಿಮ್ಮೂರಾಗ ಏನು ಇಲ್ಲ ಅಂತ ಕೇಳ್ಕೋತ ಹೋದಿ. ನಾವು ಯಾವತ್ತ ಎಲ್ಲಿರ್ತೀವಿ ಅಂತ ಯಾರೂ ಕೇಳಲಿಲ್ಲಪ್ಪ."

ಗೌಡ ಮನೆದೇವರಿಗೆ ಅಡ್ಡಬಿದ್ದು, ತಪ್ಪಾಯಿತು ಎಂದ. ಸಂತೆಯ ದಿನ ಬದಲಾಯಿತು. ಮುಂದಿನ ಬುಧವಾರ ಉಪ್ಪು ಮಾರುವವಳು ಮಲಗಲಿಲ್ಲ. ಬೇವಿನ ಬುಡದವರು ಎದ್ದು ಬಂದು ಕಟ್ಟೆಯ ಮೇಲೆ ಮೂಟೆ ಬಿಚ್ಚಿದರು. ಅದನ್ನು ಕಂಡು ನಾಲ್ಕನೆಯ ಮನೆಯವರೂ ತಮ್ಮ ಗಂಟು ಬಿಚ್ಚಿದರು. ಅದರೊಳಗಿದ್ದ ತಕ್ಕಡಿಯನ್ನು ತಂದು, ಬಾಡದ ಬದನೆಕಾಯಿ ಮುಂದಿಟ್ಟುಕೊಂಡು ಕುಳಿತರು.

ಕತೆ ಅಲ್ಲಿಗೆ ಮುಗಿಯಿತು. ನನಗೆ ನಗು ತಡೆಯಲಾಗಲಿಲ್ಲ.

"ಗೌಡ ಭಾರಿ ದಡ್ಡ ಬಿಡ್ರಿ ಸರ್. ಸಂತಿ ಮುಖ ನೋಡದಾಂವ ಸಂತಿ ಕಟ್ಟಲಿಕ್ಕ ಹೋದ. ನಾ ಆಗಿದ್ರ ಮೊದಲನೇ ವಾರಕ್ಕ ಕೇಳ್ತಿದ್ದೆ. ಸಂತಿ ದುಡ್ಡಿನಾಗ ಬೆಳೆದಾಂವ ನಾ."

ಸರ್ ನಗಲಿಲ್ಲ. ಬೈಯಲೂ ಇಲ್ಲ. ಪ್ರಶ್ನಾವಳಿಯ ಕೊನೆಯ ಹಾಳೆಯನ್ನು ಮಗುಚಿದರು. ಹಿಂಬದಿ ಖಾಲಿಯಿತ್ತು. ಆ ಖಾಲಿ ಪುಟದ ಕೆಳಗೆ ತಮ್ಮ ಸಹಿ ಹಾಕಿ, ದಿನಾಂಕ ಬರೆದರು. ಹಾಳೆಯನ್ನು ನನ್ನ ಕಡೆ ಸರಿಸಿ ಪೆನ್ನನ್ನು ನನ್ನ ಕೈಗೆ ಕೊಟ್ಟರು.

"ನಿಮ್ಮವ್ವ ಬುಧವಾರ ಎಲ್ಲಿರ್ತಾಳೋ, ದೇವೀಂದ್ರ?"

ನನಗೆ ಗೊತ್ತಿರಲಿಲ್ಲ.