ಕಾಯುವ ತೆರಿಗೆ ಕಟ್ಟದ ತಿಪ್ಪಕ್ಕ

ಒಂದಾನೊಂದು ಊರಿನಲ್ಲಿ ಬಸ್ ಸ್ಟಾಪು ಬಂತು. ಬಸ್ಸು ಬರಲಿಲ್ಲ.

ಸ್ಟಾಪೆಂದರೆ ಒಂದು ಕಂಬ, ಕಂಬದ ತಲೆಗೆ ಒಂದು ತಗಡು. ಅದನ್ನು ಕೆಳಪೇಟೆಯಲ್ಲಿ ನೆಡುವಷ್ಟರಲ್ಲಿ ಪುರಸಭೆಯ ಪೆಟ್ಟಿಗೆ ಬರಿದಾಯಿತು. ಮರುದಿನ ಬೆಳಿಗ್ಗೆ ತಿಪ್ಪಕ್ಕ ಬಂದು ಕಂಬದ ಪಕ್ಕ ಮಣೆ ಹಾಕಿಕೊಂಡು ಕೂತಳು.

"ಎಲ್ಲಿಗೆ?" ಎಂದಿತು ಕಂಬ.

"ಮೇಲ್ಪೇಟೆಗೆ. ನಮ್ಮಕ್ಕನ ಮನೆಗೆ."

"ನಡೆದು ಹೋಗಬಾರದೇ? ಇಲ್ಲಿಂದಲೇ ಕಣ್ಣಿಗೆ ಕಾಣುತ್ತದೆ."

"ಕಣ್ಣು ಹೋಗುತ್ತದೆ. ಮಂಡಿ ಹೋಗುವುದಿಲ್ಲ."

ವಿಷಯ ಇಷ್ಟು. ಏಳು ವರ್ಷದ ಹಿಂದೆ ತಿಪ್ಪಕ್ಕ ಅಕ್ಕ ಓಬಕ್ಕನ ಜಗಲಿಯ ಮೇಲೆ ಚೌಕಾಬಾರ ಆಡುತ್ತಿದ್ದಳು. ಮೂರು ಕಾಯಿ ಹಣ್ಣಾಗಿತ್ತು. ನಾಲ್ಕನೆಯದು ಹಣ್ಣಾಗಲು ಒಂದೇ ಮನೆ ಬಾಕಿ. ಕವಡೆ ಕೈಗೆತ್ತಿಕೊಂಡಾಗ, ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ಇಳಿಜಾರಿನಲ್ಲಿ ಓಡಿದಳು. ಹಾಲೂ ಹೋಯಿತು, ಮಂಡಿಯೂ ಹೋಯಿತು. ಆಟದ ಮನೆಗಳನ್ನು ಜಗಲಿಯ ಕಲ್ಲಿನಲ್ಲೇ ಕೊರೆದಿತ್ತು. ಕಲ್ಲು ಇಳಿದು ಬರುವಂತಿಲ್ಲ. ಓಬಕ್ಕ ಇಳಿದು ಬರುವವಳಲ್ಲ. "ಆಟ ಬಿಟ್ಟು ಎದ್ದವಳು ಸೋತ ಹಾಗೆ" ಎಂದು ಜಗಲಿಯ ಮೇಲೆ ಕೂತೇ ಮೇಲ್ಪೇಟೆಗೆಲ್ಲ ಹೇಳಿದ್ದಳು.

ಹಾಗಾಗಿ ತಿಪ್ಪಕ್ಕನಿಗೆ ಬಸ್ಸು ಬೇಕಿತ್ತು.

ಪುರಸಭೆ ಸೇರಿತು. ಅಧ್ಯಕ್ಷ ಪಂಪಣ್ಣನವರು ಪೆಟ್ಟಿಗೆ ತೆರೆಸಿದರು. ಒಳಗೆ ಒಂದು ಜಿರಲೆ ಇತ್ತು.

"ಬಸ್ಸಿಗೆ ದುಡ್ಡು ಎಲ್ಲಿಂದ ತರುವುದು?" ಎಂದರು ಅಧ್ಯಕ್ಷರು.

"ನನ್ನ ಮುಖ ನೋಡಬೇಡಿ" ಎಂದಿತು ಜಿರಲೆ.

ಬಿಲ್ ಕಲೆಕ್ಟರ್ ನಾಗೋಜಿರಾಯ ಎದ್ದು ನಿಂತ. "ಸ್ವಾಮಿ, ಬಸ್ಸಿಲ್ಲ, ನಿಜ. ಬಸ್ಸಿಗೆ ಕಾಯುವವರು ಇದ್ದಾರಲ್ಲ? ಕಾಯುವುದಕ್ಕೇ ತೆರಿಗೆ ಹಾಕೋಣ. ಸಾಲಿನಲ್ಲಿ ಮೊದಲಿದ್ದವರಿಗೆ ದಿನಕ್ಕೆ ಒಂದು ರೂಪಾಯಿ. ಹಿಂದೆ ಹೋದ ಹಾಗೆ ಕಡಿಮೆ. ಕಟ್ಟಕಡೆಯವರಿಗೆ ಮಾಫಿ."

"ಕೊಡದಿದ್ದರೆ?"

"ದಿನಕ್ಕೆ ಒಂದು ಜಾಗ ಹಿಂದಕ್ಕೆ."

ಸದಸ್ಯರೆಲ್ಲ ಮೇಜು ಕುಟ್ಟಿದರು. ಜಿರಲೆ ಪೆಟ್ಟಿಗೆ ಖಾಲಿ ಮಾಡಿ ಹೊರಟುಹೋಯಿತು.

ತೆರಿಗೆ ಹಾಕಿದ್ದೇ ತಡ, ಸಾಲು ಬೆಳೆಯಿತು. ದುಡ್ಡು ಕೇಳುತ್ತಾರೆಂದರೆ ಬರುವ ಬಸ್ಸು ಒಳ್ಳೆಯದೇ ಇರಬೇಕು ಎಂದರು ಜನ. ಹೋಗಬೇಕಾದವರು ನಿಂತರು. ಎಲ್ಲಿಗೂ ಹೋಗಬೇಕಿಲ್ಲದವರೂ ನಿಂತರು. ಒಂದು ದಿನ ತೆರಿಗೆ ಕಟ್ಟಿದವನು ಬಿಟ್ಟುಹೋದರೆ ಕಟ್ಟಿದ್ದು ದಂಡ. ಆದ್ದರಿಂದ ಎರಡನೆಯ ದಿನವೂ ಕಟ್ಟಿದ. ಸಾಲು ಸಂತೆ ಬೀದಿ ದಾಟಿತು, ಏರು ಹತ್ತಿತು. ಕೊನೆಗೆ ಮುನ್ನೂರು ಜನ ಅದರಲ್ಲಿ ನಿಂತರು. ಓಬಕ್ಕ ಮಾತ್ರ ನಿಲ್ಲಲಿಲ್ಲ. ಅವಳು ಜಗಲಿ ಬಿಟ್ಟು ಇಳಿಯುವವಳಲ್ಲ, ಹೇಳಿದೆನಲ್ಲ.

ತಿಂಗಳಾಯಿತು. ಪೆಟ್ಟಿಗೆ ತುಂಬಿತು. ಪುರಸಭೆ ಮತ್ತೆ ಸೇರಿತು.

"ಬಸ್ಸು ತರಿಸೋಣವೇ?" ಎಂದ ಒಬ್ಬ ಸದಸ್ಯ.

ಪಂಪಣ್ಣನವರು ಮೀಸೆ ತಿರುವಿದರು. "ಬಸ್ಸು ಬಂದರೆ ಕಾಯುವವರು ಇರುತ್ತಾರೇನಯ್ಯ?"

"ಇಲ್ಲ."

"ಕಾಯುವವರು ಇಲ್ಲದಿದ್ದರೆ ತೆರಿಗೆ?"

"ಇಲ್ಲ."

"ತೆರಿಗೆ ಇಲ್ಲದಿದ್ದರೆ ಬಸ್ಸಿಗೆ ಡೀಸೆಲ್ಲು?"

"ಅದೂ ಇಲ್ಲ."

"ಹಾಗಾದರೆ ಬಸ್ಸು ಚೆನ್ನಾಗಿ ಓಡಬೇಕೆಂದರೆ ಬಸ್ಸು ಬರಬಾರದು. ಬರೆದುಕೊಳ್ಳಿ."

ಬರೆದುಕೊಂಡರು. ಆದರೆ ಜನ ಆಸೆ ಬಿಡಬಾರದಲ್ಲ? ಒಂದು ಹಾರನ್ನು ತರಿಸಿದರು. ಪಂಪಣ್ಣನವರಿಗೆ ಹಾರನ್ನಿನ ಮೇಲೆ ಪ್ರಾಣ. ದಿನಾ ಬೆಳಿಗ್ಗೆ ಪುರಸಭೆಯ ಮಾಳಿಗೆ ಹತ್ತಿ ತಾವೇ ಪೋಂ ಪೋಂ ಎನ್ನಿಸುತ್ತಿದ್ದರು. ಜನ ಗಂಟು ಎತ್ತಿಕೊಳ್ಳುತ್ತಿದ್ದರು. ಹೊತ್ತು ಏರಿದ ಮೇಲೆ ಇಳಿಸುತ್ತಿದ್ದರು. ಮುಂದಿನ ತಿಂಗಳ ದುಡ್ಡಿನಲ್ಲಿ ಸಾಲಿಗೆ ಚಪ್ಪರ ಬಂತು. ಅದರ ಮುಂದಿನ ತಿಂಗಳು ಚಹಾದ ಅಂಗಡಿ. ಸಾಲಿನಲ್ಲೇ ಎರಡು ಮದುವೆ ನಡೆದವು. ಒಂದರಲ್ಲಿ ಗಂಡು ಇಪ್ಪತ್ತನೆಯವನು, ಹೆಣ್ಣು ನೂರಾ ಹತ್ತನೆಯವಳು. ಗಂಡಿನ ಕಡೆಯವರು ಮುಂದಿದ್ದೇವೆಂದು ಬೀಗಿದರು.

ಇತ್ತ ತಿಪ್ಪಕ್ಕನ ಕತೆ ಏನು? ಮೊದಲ ಜಾಗ ಅವಳದೇ. ಬದನೆಕಾಯಿ ಮಾರಿದ ದುಡ್ಡಿನಲ್ಲಿ ಮೂರು ತಿಂಗಳು ಕಟ್ಟಿದಳು. ಆಮೇಲೆ ಗಿಡ ಒಣಗಿತು.

"ರೂಪಾಯಿ ಕೊಡಿ ಅಮ್ಮ" ಎಂದ ನಾಗೋಜಿರಾಯ.

"ಇಲ್ಲ ಕಣಪ್ಪ."

"ಹಾಗಾದರೆ ಒಂದು ಜಾಗ ಹಿಂದಕ್ಕೆ."

ತಿಪ್ಪಕ್ಕ ಮಣೆ ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಹೋದಳು. ಮರುದಿನ ಇನ್ನೊಂದು. ಅದರ ಮರುದಿನ ಇನ್ನೊಂದು. ಹನ್ನೊಂದನೆಯ ಜಾಗಕ್ಕೆ ಬಂದಾಗ ಕಣ್ಣಲ್ಲಿ ನೀರು ಬಂತು. ಹೀಗೇ ಹಿಂದಕ್ಕೆ ಹೋದರೆ ಬಸ್ಸು ಬಂದರೂ ತನಗೆ ಸೀಟು ಸಿಗುವುದಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಬಾಯಿಂದ ಬಾಯಿಗೆ ಒಂದು ಮಾತು ಬಂತು. ಹನ್ನೆರಡನೆಯವನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದ: "ನಿಮ್ಮಕ್ಕ ಕೇಳಿಸಿದ್ದಾರೆ. ಸೋತವಳು ಹೇಗಿದ್ದಾಳೆ ಅಂತ."

ತಿಪ್ಪಕ್ಕ ಕಣ್ಣೊರೆಸಿಕೊಂಡಳು. "ಅವಳು ನಿನಗೆಲ್ಲಿ ಸಿಕ್ಕಿದಳು?"

"ನನಗೆಲ್ಲಿ? ಸಾಲಿನ ಬಾಲ ಅವರ ಜಗಲಿ ಮುಂದೆಯೇ ಇದೆಯಂತಲ್ಲ."

ತಿಪ್ಪಕ್ಕ ಮುಂದೆ ನೋಡಿದಳು. ಕಂಬ ಇತ್ತು, ಬಸ್ಸಿರಲಿಲ್ಲ. ಹಿಂದೆ ನೋಡಿದಳು. ಸಾಲು ಏರು ಹತ್ತಿ ಮೇಲ್ಪೇಟೆಗೆ ಹೋಗಿತ್ತು. ದಿನಕ್ಕೆ ಒಂದು ಹೆಜ್ಜೆಗೆ ಮಂಡಿಯ ತಕರಾರೂ ಇರಲಿಲ್ಲ. ಏಳು ವರ್ಷದಲ್ಲಿ ಮೊದಲ ಸಲ ನಕ್ಕಳು.

ಅವತ್ತಿನಿಂದ ಅವಳಷ್ಟು ಖುಷಿಯಾಗಿ ಯಾರೂ ತೆರಿಗೆ ತಪ್ಪಿಸಿದ್ದಿಲ್ಲ.

ಆದರೆ ಮಳೆ ಬಂತು, ಬದನೆ ಗಿಡ ಚಿಗುರಿತು, ಬೇಡವೆಂದರೂ ಮೂರು ರೂಪಾಯಿ ಬಂತು. "ದುಡ್ಡಿಲ್ಲಪ್ಪ" ಎಂದಳು ತಿಪ್ಪಕ್ಕ.

"ಇದೆ! ಸೆರಗಿನ ಗಂಟಿನಲ್ಲಿ ಮೂರು ರೂಪಾಯಿ ಇದೆ!" ಎಂದು ಕೂಗಿತು ಕಂಬ. ಎತ್ತರವಾಗಿತ್ತು, ಎಲ್ಲ ಕಾಣುತ್ತಿತ್ತು. ಮೇಲಾಗಿ ಸರ್ಕಾರಿ ಕಂಬ.

ನಾಗೋಜಿರಾಯ ಕೈ ಚಾಚಿದ.

"ತಡಿ" ಎಂದಳು ತಿಪ್ಪಕ್ಕ. "ಅದು ಆಗಲೇ ಖರ್ಚಾಗಿದೆ. ಪಾಪ, ಆ ಕಂಬ ಮಳೆಯಲ್ಲಿ ನೆನೆಯುತ್ತಿದೆ."

ಸಾಲಿನ ತುದಿಯಲ್ಲಿ ಕೊಡೆ ರಿಪೇರಿಯ ಬುಡೇನ್ ಸಾಬ ಇದ್ದ. ಮೂರು ರೂಪಾಯಿ ಕೈಯಿಂದ ಕೈಗೆ ಮೇಲೆ ಹೋಯಿತು. ಒಂದು ಕೊಡೆ ಕೈಯಿಂದ ಕೈಗೆ ಕೆಳಗೆ ಬಂತು. ಅದನ್ನು ಕಂಬದ ತಲೆಗೆ ಕಟ್ಟಿದರು. ಕಂಬಕ್ಕೆ ಬೆಚ್ಚಗಾಯಿತು. ಏನೂ ಕಾಣದಂತೆಯೂ ಆಯಿತು.

"ಒಂದು ಜಾಗ ಹಿಂದಕ್ಕೆ" ಎಂದ ನಾಗೋಜಿರಾಯ.

ಹೀಗೆ ತಿಪ್ಪಕ್ಕ ಹಿಂದೆ ಹಿಂದೆ ಹೋಗುತ್ತ ಏರು ಹತ್ತಿದಳು. ಚಹಾದ ಅಂಗಡಿ ದಾಟಿದಳು. ಎರಡೂ ಮದುವೆಯ ಊಟ ಉಂಡಳು. ಇನ್ನೂರ ತೊಂಬತ್ತೊಂಬತ್ತನೆಯ ಜಾಗ ಬಂತು. ಹಿಂದೆ ಬುಡೇನ್ ಸಾಬ ಒಬ್ಬನೇ. ಅವನ ಪಕ್ಕದಲ್ಲೇ ಜಗಲಿ. ಜಗಲಿಯ ಮೇಲೆ ಓಬಕ್ಕ.

"ಏನೇ, ಬಂದೆಯಾ?" ಎಂದಳು ಓಬಕ್ಕ.

"ನಾಳೆ ಬರುತ್ತೇನೆ. ಕವಡೆ ತೊಳೆದಿಡು."

"ನಾಳೆ ನೋಡೋಣ ಬಿಡು."

ನಾಳೆ ಬಂತು. ನಾಗೋಜಿರಾಯನ ಬದಲು ಪಂಪಣ್ಣನವರೇ ಬಂದರು. ಜೊತೆಗೆ ಹಾರ, ಶಾಲು, ಒಂದು ಕುರ್ಚಿ, ಕುರ್ಚಿ ಹೊರಲು ನಾಲ್ಕು ಜನ.

"ಅಮ್ಮಾ, ಇಷ್ಟು ತಾಳ್ಮೆಯಿಂದ ಕಾದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಇವತ್ತಿನಿಂದ ನಿಮಗೆ ತೆರಿಗೆ ಪೂರ್ತಿ ಮಾಫಿ. ಮೊದಲ ಜಾಗ ನಿಮ್ಮದೇ. ಕುರ್ಚಿ ಹತ್ತಿ, ಕಂಬದ ಹತ್ತಿರ ಇಳಿಸುತ್ತಾರೆ."

ತಿಪ್ಪಕ್ಕ ಜಗಲಿಯತ್ತ ನೋಡಿದಳು. ಓಬಕ್ಕ ಜಗಲಿಯ ಮೇಲೆ ಕಾಲು ನೀಡಿಕೊಂಡಳು. "ಹೋಗು ತಂಗಿ, ಹೋಗು. ಸನ್ಮಾನ ಬೇಡ ಅನ್ನಬಾರದು."

ನಾಲ್ಕು ಜನ ಕುರ್ಚಿ ಮುಂದಿಟ್ಟರು. ತಿಪ್ಪಕ್ಕ ಹಾರ ಹಾಕಿಸಿಕೊಂಡಳು. ಶಾಲು ಹೊದ್ದಳು. ಆಮೇಲೆ ಕೇಳಿದಳು: "ಅಧ್ಯಕ್ಷರೇ, ಮೊದಲ ಜಾಗ ನನ್ನದೇ ತಾನೇ?"

"ನಿಮ್ಮದೇ."

"ನನ್ನದಾದರೆ ಬೇಕಾದವರಿಗೆ ಕೊಡಬಹುದೇ?"

ಪಂಪಣ್ಣನವರು ಯೋಚಿಸಿದರು. "ಕೊಡಬಹುದು. ಕುರ್ಚಿ ಖಾಲಿ ಹೋಗಬಾರದು ಅಷ್ಟೇ."

"ಬುಡೇನಣ್ಣಾ, ಕೆಳಪೇಟೆಗೆ ಹೋಗುತ್ತೀಯಾ?"

"ಹೋಗದೆ ಏನಕ್ಕಾ! ಕೊಡೆ ಕೇಳುವವರು ಇರುವುದೇ ಅಲ್ಲಿ."

ಬುಡೇನ್ ಸಾಬ ಕುರ್ಚಿ ಹತ್ತಿದ. ನಾಲ್ಕು ಜನ ಹೊತ್ತುಕೊಂಡು ಇಳಿದರು. ಅವನು ನಿಂತಿದ್ದ ಜಾಗ ಖಾಲಿಯಾಯಿತು. ತಿಪ್ಪಕ್ಕ ಮಣೆ ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಇಟ್ಟಳು. ಅಲ್ಲಿಂದ ಜಗಲಿಗೆ ಸರಿದು ಕೂತಳು.

ಕಲ್ಲು ನೋಡಿದಳು. "ಅಕ್ಕಾ, ನನ್ನ ಕಾಯಿಗೆ ಒಂದೇ ಮನೆ ಬಾಕಿ ಇತ್ತು. ಇದೇನು, ಆರು ಮನೆ ಹಿಂದಿದೆ?"

"ಗಾಳಿಗೆ ಸರಿದಿರಬೇಕು."

"ಅದೇ ಗಾಳಿಗೆ ನಿನ್ನ ಕಾಯಿ ಮುಂದಕ್ಕೆ ಸರಿದಿದೆಯಲ್ಲೇ?"

"ಏಳು ವರ್ಷದ ಗಾಳಿ. ಎರಡೂ ಕಡೆ ಬೀಸಿರುತ್ತದೆ."

ತಿಪ್ಪಕ್ಕ ಕಾಯಿಯನ್ನು ಅದರ ಮನೆಗೆ ಎತ್ತಿಟ್ಟಳು. ಓಬಕ್ಕ ಬೇರೆ ಕಡೆ ನೋಡಿದಳು. ತಿಪ್ಪಕ್ಕ ಕವಡೆ ಎಸೆದಳು. ನಾಲ್ಕೂ ಅಂಗಾತ ಬಿದ್ದವು. ಚೌಕ. ಬೇಕಾದದ್ದು ಒಂದು, ಬಿದ್ದದ್ದು ನಾಲ್ಕು. ಓಬಕ್ಕ ನಕ್ಕಳು.

"ಚೌಕ ಬಿದ್ದರೆ ಇನ್ನೊಂದು ಕೈ ಇದೆಯಕ್ಕಾ" ಎಂದಳು ತಿಪ್ಪಕ್ಕ.

ಎಸೆದಳು. ಒಂದು ಬಿತ್ತು.

ಕಾಯಿ ಹಣ್ಣಾಯಿತು. ಓಬಕ್ಕ ಒಳಗೆ ಹೋಗಿ ಎರಡು ಲೋಟ ಹಾಲು ತಂದಳು. ಇನ್ನೊಂದು ಆಟ ಹೂಡಿದರು. ಕೆಳಗೆ ಹಾರನ್ನು ಪೋಂ ಪೋಂ ಎಂದಿತು. ಇನ್ನೂರ ತೊಂಬತ್ತೊಂಬತ್ತು ಜನ ಗಂಟು ಎತ್ತಿಕೊಂಡರು.

ಬಸ್ಸು ಬರಲಿಲ್ಲ.